ಮಾಂಸದ ಕೊಬ್ಬೂ ಮೇವಿನ ಎಣ್ಣೆಯೂ

ಕುರಿಮಾಂಸದ ಸಾರು ಆರಿದೊಡನೆ ಮೇಲೆ ಬಿಳಿಯ ಕೊಬ್ಬು ಹೆಪ್ಪುಗಟ್ಟುವುದು. ಕೋಳಿಯ ಸಾರಿನಲ್ಲಿ ಅದು ಬಹಳ ಹೊತ್ತು ಎಣ್ಣೆಯಾಗಿಯೇ ತೇಲುತ್ತಿರುವುದು. ಈ ಭೇದಕ್ಕೆ ಕಾರಣವು ಕೊಬ್ಬಿನ ಪ್ರಮಾಣವಲ್ಲ, ಅದರೊಳಗಣ ಆಮ್ಲಗಳ ಜಾತಿ.

ಪ್ರಾಣಿಗಳ ಕೊಬ್ಬು ಗ್ಲಿಸರಿನ್ನೂ ಹಲವು ಆಮ್ಲಗಳೂ ಕೂಡಿ ಆದುದೆಂಬುದನ್ನು ಫ್ರಾನ್ಸಿನ ಷೆವ್ರಲ್ ಎಂಬ ವಿಜ್ಞಾನಿಯು 1823ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದನು. ಇವುಗಳಲ್ಲಿ ಸ್ಟಿಯರಿಕ್ ಆಮ್ಲವು ಕರಗಲು ಸುಮಾರು 69 ಡಿಗ್ರಿ ಸೆಂಟಿಗ್ರೇಡ್ ಶಾಖ ಬೇಕು. ಓಲಿಯಿಕ್ ಆಮ್ಲಕ್ಕೆ 14 ಡಿಗ್ರಿಯೇ ಸಾಕು. ಲಿನೋಲಿಯಿಕ್ ಆಮ್ಲವು ಸೊನ್ನೆಗಿಂತ ಕೆಳಗೂ ದ್ರವವಾಗಿರುವುದು. ಮೊದಲನೆಯದು ಪರ್ಯಾಪ್ತವಾದುದು, ಉಳಿದೆರಡು ಅಪರ್ಯಾಪ್ತವಾದುವು.

ಕುರಿ, ದನ ಮುಂತಾದ ಮೆಲುಕು ಹಾಕುವ ಪ್ರಾಣಿಗಳು ಹಸುರು ಮೇವಿನೊಡನೆ ಅಪರ್ಯಾಪ್ತ ಆಮ್ಲಗಳನ್ನೇ ಹೇರಳವಾಗಿ ತಿನ್ನುವುವು. ಆದರೆ ಮೊದಲನೆಯ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಅವುಗಳಿಗೆ ಜಲಜನಕವನ್ನು ಸೇರಿಸಿ ಬಹುಪಾಲನ್ನು ಗಟ್ಟಿಯಾದ ಆಮ್ಲಗಳಾಗಿ ಮಾರ್ಪಡಿಸುವುವು. ಹಂದಿಗೂ ಕೋಳಿಗೂ ಇಂಥ ಹೊಟ್ಟೆಯಿಲ್ಲ. ಅವು ತಿಂದ ಎಣ್ಣೆಯ ಗುಣವು ಹೆಚ್ಚು ಮಾರ್ಪಾಡಿಲ್ಲದೆ ಮೈಯ ಕೊಬ್ಬಿಗೆ ಬಂದು ಸೇರುವುದು.

ಇದು ಅಮೆರಿಕದ ದಕ್ಷಿಣ ಸಂಸ್ಥಾನಗಳ ರೈತರಿಗೆ ನಷ್ಟದ ಮೂಲಕ ತಿಳಿಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅವರು ಕಡಲೆಕಾಯಿಯ ಹೊಲಗಳಲ್ಲಿ ಹಂದಿಗಳನ್ನು ಮೇಯಿಸುತ್ತಿದ್ದರು. ಹಂದಿಗಳೇನೋ ಚೆನ್ನಾಗಿ ಕೊಬ್ಬಿದುವು. ಆದರೆ ಮಾಂಸವನ್ನು ತಣ್ಣಗೆ ಮಾಡಿದರೂ ಕೊಬ್ಬು ಮೆತ್ತಗೆ, ಜಿಡ್ಡಾಗಿ ಉಳಿಯಿತು. ವ್ಯಾಪಾರಿಗಳು ಅದಕ್ಕೆ ಕಡಮೆ ಬೆಲೆ ಕೊಟ್ಟರು. ಮೇವಿನ ಎಣ್ಣೆಯೇ ಇದಕ್ಕೆ ಕಾರಣವೆಂಬುದನ್ನು 1926ರಲ್ಲಿ ಎಲ್ಲಿಸ್ ಮತ್ತು ಇಸ್ಬೆಲ್ ಎಂಬವರು ರಾಸಾಯನಿಕ ಪರೀಕ್ಷೆಗಳಿಂದ ತೋರಿಸಿದರು. ಪಿಷ್ಟದಿಂದ ಹಂದಿಯ ಮೈಯೇ ಮಾಡಿಕೊಳ್ಳುವ ಕೊಬ್ಬು ಗಟ್ಟಿಯಾದುದು; ಆದುದರಿಂದ ಮುಸುಕಿನ ಜೋಳ ತಿಂದ ಹಂದಿಯ ಕೊಬ್ಬು ಬಿಗಿಯಾಗಿರುವುದು. ಆದರೆ ಎಣ್ಣೆಯ ಮೇವನ್ನು ಬಹುಕಾಲ ತಿಂದ ಹಂದಿಗೆ ಕಡೆಯ ಕೆಲವು ವಾರ ಮಾತ್ರ ಜೋಳ ಹಾಕಿದರೆ ದೋಷವು ಪೂರ್ತಿಯಾಗಿ ಹೋಗದು.

ಕೊಡಗು ಮುಂತಾದೆಡೆಗಳಲ್ಲಿ ಹಂದಿ ಸಾಕುವವರು ಇದನ್ನು ಲಕ್ಷ್ಯದಲ್ಲಿಡತಕ್ಕದ್ದು. ಗಾಣದ ಕಡಲೆಕಾಯಿ ಹಿಂಡಿಯಲ್ಲಿ ನೂರಕ್ಕೆ 7–8 ಪಾಲು ಎಣ್ಣೆ ಉಳಿದಿರುವುದುಂಟು. ದ್ರಾವಕದಿಂದ ಎಣ್ಣೆ ತೆಗೆದ ಹಿಂಡಿಯಲ್ಲಿ ಸುಮಾರು ಒಂದು ಪಾಲು ಮಾತ್ರ. ಎಣ್ಣೆ ತೆಗೆಯದ ಅಕ್ಕಿಯ ತೌಡೂ ಕಡಮೆಯದಲ್ಲ. ಅಗ್ಗವೆಂದು ಅದನ್ನೇ ಸುರಿದರೆ ಕೊಬ್ಬು ಮೆತ್ತಗಾಗುವುದು. ಇಂಥ ಕೊಬ್ಬಿನಿಂದ ಮಾಡಿದ ಸಾಸೇಜು ಬೇಗ ಕಮಟು ವಾಸನೆ ಹಿಡಿಯುವುದು. ಅಪರ್ಯಾಪ್ತ ಆಮ್ಲಗಳು ಗಾಳಿಯ ಆಮ್ಲಜನಕವನ್ನು ಸುಲಭವಾಗಿ ಹೀರುವುದೇ ಕಾರಣ. ಹೃದಯದ ಆರೋಗ್ಯಕ್ಕೆ ಮೇಲೆಂದು ವೈದ್ಯರು ಹೇಳುವುದು ಅಪರ್ಯಾಪ್ತ ಆಮ್ಲಗಳನ್ನೇ! ಇಲ್ಲಿ ವೈದ್ಯನ ಇಷ್ಟವೂ ಕಾರ್ಖಾನೆಯವನ ಇಷ್ಟವೂ ಎದುರುಬದುರಾಗಿವೆ.

ಇನ್ನು ಪ್ರಮಾಣದ ಮಾತು. ಪ್ರಾಣಿಯ ಮೈಮೇಲೆ ಕೊಬ್ಬು ಎಷ್ಟೇ ಇರಲಿ, ರುಬ್ಬುವ ಯಂತ್ರದ ಬಳಿ ಅದನ್ನು ಬೇಕಾದಷ್ಟು ಬೆರಸಬಹುದು. ಅಮೆರಿಕದ ಕಟ್ಟಳೆಯು ಫ್ರಾಂಕ್‌ಫರ್ಟರ್ ಎಂಬ ಸಾಸೇಜಿನಲ್ಲಿ ನೂರಕ್ಕೆ 30 ಪಾಲಿನವರೆಗೂ, ಹಂದಿಮಾಂಸದ ಹಸಿ ಸಾಸೇಜಿನಲ್ಲಿ 50 ಪಾಲಿನವರೆಗೂ ಕೊಬ್ಬನ್ನು ಒಪ್ಪುವುದು. ಅಂಗಡಿಯಲ್ಲಿ ಪೊಟ್ಟಣ ಕೊಳ್ಳುವವರು ಚೀಟಿಯಲ್ಲಿ ಒಟ್ಟು ಕೊಬ್ಬನ್ನೂ ಪರ್ಯಾಪ್ತ ಕೊಬ್ಬನ್ನೂ ಬೇರೆಬೇರೆಯಾಗಿ ನೋಡಬೇಕು. ಇಡೀ ತುಂಡನ್ನು ಕೊಳ್ಳುವವರಾದರೋ ಅಂಚಿನ ಬಿಳಿಯ ಭಾಗವನ್ನು ಕತ್ತಿಯಿಂದ ಬಿಡಿಸಿ ತೆಗೆಯಬಹುದು. ರುಬ್ಬಿದ ಮಾಂಸದಲ್ಲಿ ಆ ಅವಕಾಶವಿಲ್ಲ.