ತೊಳೆಯದ ಫಿಲ್ಮೂ ವಿಮಾನ ನಿಲ್ದಾಣದ ಕ್ಷ-ಕಿರಣವೂ

ಛಾಯಾಗ್ರಹಣದ ಫಿಲ್ಮು ಕಣ್ಣಿಗೆ ಕಾಣುವ ಬೆಳಕಿಗಷ್ಟೇ ಅಲ್ಲದೆ ಕ್ಷ-ಕಿರಣಕ್ಕೂ ಸ್ಪಂದಿಸುತ್ತದೆ ಎಂಬುದು ಆ ಕಿರಣದ ಶೋಧದಷ್ಟೇ ಹಳೆಯ ಸಂಗತಿ. 1895ರ ನವೆಂಬರಿನಲ್ಲಿ ಜರ್ಮನಿಯ ವೂರ್ಟ್ಸ್‌ಬುರ್ಗ್ ನಗರದಲ್ಲಿ ವಿಲ್ಹೆಲ್ಮ್ ರಾಂಟ್ಜನ್ ಈ ಕಿರಣಗಳನ್ನು ಗುರುತಿಸಿ, ಮರುತಿಂಗಳೇ ತನ್ನ ಪತ್ನಿಯ ಕೈಯ ಮೂಳೆಗಳನ್ನೂ ಬೆರಳಿನ ಉಂಗುರವನ್ನೂ ಛಾಯಾಫಲಕವೊಂದರ ಮೇಲೆ ಮೂಡಿಸಿದ್ದನು. ಅದರ ಮುಂದಿನ ವರ್ಷ ಫ್ರಾನ್ಸಿನ ಆನ್ರಿ ಬೆಕೆರೆಲ್, ಕಪ್ಪು ಕಾಗದದಲ್ಲಿ ಸುತ್ತಿಟ್ಟ ಫಲಕವನ್ನು ಯುರೇನಿಯಂ ಲವಣವು ಕಪ್ಪಾಗಿಸಿದ್ದನ್ನು ಕಂಡು ವಿಕಿರಣಶೀಲತೆಯ ಜಾಡು ಹಿಡಿದನು. ಕರ್ನಾಟಕದ ಗಡಿಗೆ ಸಮೀಪದ ಊಟಿಯಲ್ಲಿದ್ದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯು ಕ್ಯಾಮೆರಾದ ಫಿಲ್ಮನ್ನೂ ಆಸ್ಪತ್ರೆಗಳ ಎಕ್ಸ್-ರೇ ಫಿಲ್ಮನ್ನೂ ತಯಾರಿಸುತ್ತಿದ್ದುದರಲ್ಲಿ ಆಶ್ಚರ್ಯವೇನೂ ಇಲ್ಲ, ಏಕೆಂದರೆ ಎರಡರ ಮೂಲ ರಸಾಯನವೂ ಒಂದೇ. ಹಾಗಾಗಿ ವಿಮಾನ ನಿಲ್ದಾಣದ ತಪಾಸಣಾ ಯಂತ್ರದಲ್ಲಿ ಹಾದುಬಂದ ಫಿಲ್ಮು ಕೆಟ್ಟರೆ ಅದು ಫಿಲ್ಮಿನ ದೋಷವಲ್ಲ. ತನಗೆ ಗೊತ್ತಿರುವ ಒಂದೇ ಕೆಲಸವನ್ನು ಅದು ಬೇಡದ ಜಾಗದಲ್ಲಿ ಮಾಡಿರುತ್ತದೆ, ಅಷ್ಟೆ.

ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಈ ವಿಷಯವನ್ನು ಜನ ಬಹುಮಟ್ಟಿಗೆ ಮರೆತರು. ಮೆಮೊರಿ ಕಾರ್ಡಿಗಾಗಲಿ, ಮೊಬೈಲಿಗಾಗಲಿ ಈ ಯಂತ್ರಗಳಿಂದ ಅಪಾಯವಿಲ್ಲದಿರುವುದರಿಂದ ಮರೆತರೂ ನಡೆಯುತ್ತಿತ್ತು. ಆದರೆ ಈಚಿನ ವರ್ಷಗಳಲ್ಲಿ ಯುವಕ ಯುವತಿಯರು ಹಳೆಯ ರೀಲು ಕ್ಯಾಮೆರಾಗಳನ್ನು ಅಟ್ಟದಿಂದ ಇಳಿಸಿ ಮತ್ತೆ ಬಳಸತೊಡಗಿದ್ದಾರೆ, ತೆಗೆದ ಕ್ಷಣವೇ ಚಿತ್ರ ಹೊರಬರುವ ಇನ್‌ಸ್ಟಾಕ್ಸ್, ಪೋಲರಾಯ್ಡ್ ಕ್ಯಾಮೆರಾಗಳು ಮದುವೆ ಮನೆಗಳಿಗೂ ಬಂದಿವೆ. ಇವರಲ್ಲಿ ಹಲವರಿಗೆ ಹಿಂದಿನವರ ಎಚ್ಚರಿಕೆಗಳು ತಿಳಿದಿಲ್ಲ. ತಿಳಿದವರ ಕಷ್ಟ ಬೇರೆಯದು: ಅವರು ಕಲಿತ ಎಚ್ಚರಿಕೆಗಳೇ ಈಗ ಹಳತಾಗುತ್ತಿವೆ.

ಫಿಲ್ಮಿನ ಮೇಲಿನ ತೆಳುವಾದ ಜೆಲಟಿನ್ ಲೇಪದಲ್ಲಿ ಬೆಳ್ಳಿಯ ಹಾಲೈಡ್, ಅಂದರೆ ಬೆಳ್ಳಿಯು ಬ್ರೋಮಿನ್, ಅಯೊಡಿನ್‌ಗಳಂಥ ಮೂಲವಸ್ತುಗಳೊಡನೆ ಸೇರಿ ಆದ ಸಂಯುಕ್ತದ ಅತಿಸೂಕ್ಷ್ಮ ಹರಳುಗಳು ಹರಡಿರುತ್ತವೆ. ಬೆಳಕು ಬಿದ್ದ ಹರಳಿನಲ್ಲಿ ಕೆಲವೇ ಕೆಲವು ಬೆಳ್ಳಿ ಪರಮಾಣುಗಳು ಒಂದೆಡೆ ಕೂಡಿ ಒಂದು ಚುಕ್ಕೆಯಾಗುತ್ತವೆ; ಕಣ್ಣಿಗೆ ಕಾಣದ ಇಂಥ ಚುಕ್ಕೆಗಳ ಮೊತ್ತವನ್ನೇ ಸುಪ್ತಬಿಂಬ ಎನ್ನುತ್ತಾರೆ. ಫಿಲ್ಮನ್ನು ತೊಳೆಯುವಾಗ ಡೆವಲಪರ್ ದ್ರಾವಣವು ಚುಕ್ಕೆಯುಳ್ಳ ಹರಳುಗಳನ್ನಷ್ಟೇ ಪೂರ್ತಿಯಾಗಿ ಕಪ್ಪು ಬೆಳ್ಳಿಯಾಗಿಸುತ್ತದೆ. ಗರ್ನಿ ಮತ್ತು ಮಾಟ್ ಎಂಬ ವಿಜ್ಞಾನಿಗಳು 1938ರಲ್ಲಿ ಮಂಡಿಸಿದ ವಿವರಣೆಯ ಜಾಡಿನಲ್ಲಿ ಬೆಳೆದುಬಂದ ತಿಳಿವಳಿಕೆಯ ಪ್ರಕಾರ, ಸಾಮಾನ್ಯ ಬೆಳಕಿನಿಂದ ಒಂದು ಹರಳು ಹೀಗೆ ಸಿದ್ಧವಾಗಬೇಕಾದರೆ ಅದು ಅಲ್ಪ ಸಮಯದಲ್ಲಿ ಹಲವು ಫೋಟಾನುಗಳನ್ನು, ಅಂದರೆ ಬೆಳಕಿನ ಕಣಗಳನ್ನು ಹೀರಬೇಕು. ಒಂದೇ ಕಣ ಬಿದ್ದರೆ ಅದರ ಪರಿಣಾಮ ಅಳಿಸಿಹೋಗುವುದೇ ಹೆಚ್ಚು. ಕ್ಷ-ಕಿರಣದ ಕಣಕ್ಕಾದರೋ ಸಾವಿರಾರು ಪಟ್ಟು ಹೆಚ್ಚಿನ ಶಕ್ತಿ ಇರುವುದರಿಂದ ಒಂದೇ ಕಣವನ್ನು ಹೀರಿದರೂ ಹರಳಿನ ಕಥೆ ಮುಗಿಯುತ್ತದೆ.

ಈ ಒಂದು ವ್ಯತ್ಯಾಸ ಅರ್ಥವಾದರೆ ಉಳಿದುದೆಲ್ಲ ತಾನಾಗಿ ಅರ್ಥವಾಗುತ್ತದೆ. ಕಣವೊಂದರಿಂದಲೇ ಹಾನಿಯಾಗುವುದರಿಂದ ಇಷ್ಟರವರೆಗೆ ಏನೂ ಆಗುವುದಿಲ್ಲವೆಂಬ ಕೆಳಮಿತಿ ಇಲ್ಲಿಲ್ಲ. ಪ್ರತಿಸಲ ಯಂತ್ರದೊಳಗೆ ಹೋದಾಗಲೂ ಸ್ವಲ್ಪ ಮಬ್ಬು ಸೇರುತ್ತದೆ, ಸೇರಿದ್ದು ಅಳಿಯುವುದಿಲ್ಲ, ಹಿಂದಿನದಕ್ಕೆ ಕೂಡುತ್ತ ಹೋಗುತ್ತದೆ. ಹೆಚ್ಚು ವೇಗದ ಫಿಲ್ಮಿನಲ್ಲಿ, ಅಂದರೆ ಮಂದ ಬೆಳಕಿನಲ್ಲೂ ಚಿತ್ರ ಹಿಡಿಯಬಲ್ಲ, ಡಬ್ಬಿಯ ಮೇಲೆ 800, 3200 ಎಂಬಂಥ ದೊಡ್ಡ ಐಎಸ್ಒ ಸಂಖ್ಯೆ ನಮೂದಾಗಿರುವ ಫಿಲ್ಮಿನಲ್ಲಿ ಹರಳುಗಳು ದೊಡ್ಡವಾಗಿರುವುದರಿಂದ ಪ್ರತಿ ಕಣದ ಹೊಡೆತವೂ ಹೆಚ್ಚು ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಚಿತ್ರ ತೆಗೆದು ಮುಗಿಸಿದ ರೋಲು ಸುರಕ್ಷಿತವೆಂದು ಕೆಲವರು ಭಾವಿಸುವುದುಂಟು. ಅದು ತಪ್ಪು. ತೊಳೆಯುವವರೆಗೆ ಖಾಲಿ ರೋಲಿಗೂ ತುಂಬಿದ ರೋಲಿಗೂ ಅಪಾಯ ಒಂದೇ.

ವಿಮಾನ ನಿಲ್ದಾಣಗಳಿಗೆ ಈ ಯಂತ್ರಗಳು ಬಂದದ್ದು ಅಪಹರಣ ಮತ್ತು ಸ್ಫೋಟಗಳ ಬೆನ್ನಿಗೆ. ಸಾಲುಸಾಲು ಅಪಹರಣಗಳಾದ ಮೇಲೆ 1973ರ ಜನವರಿಯಿಂದ ಅಮೆರಿಕದಲ್ಲಿ ಪ್ರತಿಯೊಬ್ಬ ಪ್ರಯಾಣಿಕನ ಮತ್ತು ಅವನ ಕೈಚೀಲದ ತಪಾಸಣೆ ಕಡ್ಡಾಯವಾಯಿತು. 1985ರ ಜೂನ್ 23ರಂದು ಏರ್ ಇಂಡಿಯಾದ ಕನಿಷ್ಕ ವಿಮಾನವು ಐರ್ಲೆಂಡಿನ ಬಳಿ ಸ್ಫೋಟಗೊಂಡು 329 ಜನ ಸತ್ತಾಗ ಬಾಂಬು ಇದ್ದದ್ದು ಕೈಚೀಲದಲ್ಲಲ್ಲ, ವಿಮಾನದ ಹೊಟ್ಟೆಗೆ ಹೋಗುವ ಚೆಕ್-ಇನ್ ಲಗೇಜಿನಲ್ಲಿ. ಆ ದಿನ ಟೊರಾಂಟೊ ನಿಲ್ದಾಣದ ಎಕ್ಸ್-ರೇ ಯಂತ್ರ ಕೆಟ್ಟಿತ್ತು. ಈ ದುರಂತದ ನಂತರವೇ ಭಾರತದ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊ 1987ರಲ್ಲಿ ಸ್ವತಂತ್ರ ಇಲಾಖೆಯಾಯಿತು. 1988ರಲ್ಲಿ ಸ್ಕಾಟ್ಲೆಂಡಿನ ಲಾಕರ್ಬಿಯ ಮೇಲೆ ಪ್ಯಾನ್ ಆಮ್ ವಿಮಾನವೂ ಹಾಗೆಯೇ ಸಿಡಿದ ಮೇಲೆ ಸೂಟ್‌ಕೇಸಿನ ಒಳಗಿನ ಸ್ಫೋಟಕವನ್ನು ಹುಡುಕುವ ಹೆಚ್ಚು ಪ್ರಬಲ ಯಂತ್ರಗಳಿಗೆ ಬೇಡಿಕೆ ಹುಟ್ಟಿತು. ಈ ಹಿನ್ನೆಲೆಯನ್ನು ನೆನೆದರೆ ಫಿಲ್ಮಿಗಾಗಿ ಯಂತ್ರವನ್ನು ದೂರುವುದು ನ್ಯಾಯವೆನಿಸುವುದಿಲ್ಲ. ಉಪಾಯ ಹುಡುಕಬೇಕಾದವನು ಛಾಯಾಗ್ರಾಹಕನೇ.

ಯಂತ್ರಗಳಲ್ಲಿ ಎರಡು ಬಗೆ. ಕೈಚೀಲಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವ ಹಳೆಯ ಬಗೆಯಲ್ಲಿ ಚೀಲವು ಚಲಿಸುವ ಪಟ್ಟಿಯ ಮೇಲೆ ಸಾಗುವಾಗ ಬೀಸಣಿಗೆಯಾಕಾರದ ತೆಳುವಾದ ಕಿರಣಪುಂಜ ಒಮ್ಮೆ ಅದರ ಮೂಲಕ ಹಾಯ್ದು ಆಚೆಗಿನ ಗ್ರಾಹಕಗಳ ಸಾಲಿಗೆ ತಲುಪುತ್ತದೆ, ಅಲ್ಲಿಂದ ಪರದೆಯ ಮೇಲೆ ಬಟ್ಟೆ ಆಹಾರಗಳು ಕಿತ್ತಳೆಯಾಗಿಯೂ ಲೋಹಗಳು ನೀಲಿಯಾಗಿಯೂ ಕಾಣುವ ಚಪ್ಪಟೆ ಚಿತ್ರ ಮೂಡುತ್ತದೆ. ಇದರಲ್ಲಿ ಫಿಲ್ಮಿಗೆ ತಗಲುವ ವಿಕಿರಣ ಬಹಳ ಕಡಿಮೆ. ಎರಡನೆಯದು ಸಿಟಿ ಯಂತ್ರ. ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಆಸ್ಪತ್ರೆಗಳಿಗಾಗಿ ರೂಪಿಸಿ 1979ರಲ್ಲಿ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದ ಸಿಟಿ ಸ್ಕ್ಯಾನಿನ ತತ್ವವೇ ಇದಕ್ಕೂ ಆಧಾರ: ಕಿರಣದ ಮೂಲವು ಚೀಲದ ಸುತ್ತ ತಿರುಗುತ್ತ ನೂರಾರು ಕೋನಗಳಿಂದ ಅದನ್ನು ನೋಡಿ, ಒಳಗಿನ ವಸ್ತುಗಳ ಆಕಾರವನ್ನೂ ಸಾಂದ್ರತೆಯನ್ನೂ ಮೂರು ಆಯಾಮಗಳಲ್ಲಿ ಕಟ್ಟಿಕೊಡುತ್ತದೆ. ಇಷ್ಟು ನೋಟಗಳಿಗೆ ಇಷ್ಟು ಕಿರಣ ಬೇಕೇ ಬೇಕು. ಈ ಬಗೆಯ ಮೊದಲ ಯಂತ್ರ ಸಿಟಿಎಕ್ಸ್-5000ಕ್ಕೆ 1994ರಲ್ಲಿ ಅಮೆರಿಕದ ವಿಮಾನಯಾನ ಆಡಳಿತದ ಮಾನ್ಯತೆ ದೊರೆತು, ಮುಂದೆ ಚೆಕ್-ಇನ್ ಲಗೇಜಿನ ತಪಾಸಣೆಗೆ ಇಂಥವೇ ಜಗತ್ತಿನಾದ್ಯಂತ ಹರಡಿದವು.

ಹಳೆಯ ಬಗೆಯ ಯಂತ್ರದಿಂದಾಗುವ ಹಾನಿ ಒಟ್ಟು ಚಿತ್ರದ ಮೇಲೆ ಸಮನಾಗಿ ಕವಿಯುವ ಮಬ್ಬು. ನೆರಳಿನ ಭಾಗದ ವಿವರಗಳು ಮಾಸಿ, ಕಪ್ಪು ಇರಬೇಕಾದಲ್ಲಿ ಬೂದು ಬಂದು, ಕಾಳುಕಾಳಾದ ತರಿತನ ಹೆಚ್ಚುತ್ತದೆ, ಮತ್ತು ಇದಕ್ಕೆ ಹಳಸಿದ ಫಿಲ್ಮು, ಕೆಟ್ಟ ದ್ರಾವಣ ಮುಂತಾದ ಬೇರೆ ಕಾರಣಗಳೂ ಇರಬಹುದಾದ್ದರಿಂದ ತಪ್ಪು ಯಂತ್ರದ್ದೋ ಅಲ್ಲವೋ ಹೇಳುವುದು ಕಷ್ಟ. ಲಗೇಜಿನ ಪ್ರಬಲ ಯಂತ್ರ ಬಿಟ್ಟುಹೋಗುವ ಗುರುತು ಹೆಚ್ಚು ಸ್ಪಷ್ಟ. ಕಿರಿದಾದ ಕಿರಣಪುಂಜ ನೇರವಾಗಿ ಬಿದ್ದಲ್ಲಿ ಸುಮಾರು ಒಂದರಿಂದ ಒಂದೂವರೆ ಸೆಂಟಿಮೀಟರ್ ಅಗಲದ ಪಟ್ಟಿ ಮೂಡುತ್ತದೆ. ಆದರೆ ಫಿಲ್ಮು ಡಬ್ಬಿಯೊಳಗೆ ಚಕ್ಕುಲಿಯಂತೆ ಸುತ್ತಿಕೊಂಡಿರುವುದರಿಂದ, ಓರೆಯಾಗಿ ಹಾಯ್ದ ಕಿರಣವು ಒಂದೊಂದು ಸುತ್ತನ್ನೂ ಬೇರೆ ಬೇರೆ ಎತ್ತರದಲ್ಲಿ ಕತ್ತರಿಸಿರುತ್ತದೆ, ಹಾಗಾಗಿ ಫಿಲ್ಮನ್ನು ಬಿಚ್ಚಿ ಹಿಡಿದಾಗ ಆ ಪಟ್ಟಿ ಅಲೆಅಲೆಯಾಗಿ ಏರಿಳಿಯುತ್ತ ಒಂದು ಚೌಕಟ್ಟಿನಿಂದ ಮುಂದಿನದಕ್ಕೆ ದಾಟಿ ಸಾಗುತ್ತದೆ. ಕ್ಯಾಮೆರಾದಿಂದಾದ ದೋಷ ಚಿತ್ರದ ಚೌಕಟ್ಟಿಗೆ ಸೀಮಿತವಾಗಿರುವುದೇ ಹೆಚ್ಚು, ಇದು ಚೌಕಟ್ಟುಗಳ ನಡುವಿನ ಖಾಲಿ ಜಾಗವನ್ನೂ ಬಿಡುವುದಿಲ್ಲ. ಸ್ಲೈಡ್ ಫಿಲ್ಮಿನಲ್ಲಿ ಪರಿಣಾಮ ತಿರುಗುಮುರುಗಾಗಿ, ಗಾಢ ಕಪ್ಪು ಇರಬೇಕಾದಲ್ಲಿ ತಿಳಿಯಾಗುತ್ತದೆ. ಈ ಹಾನಿಯನ್ನು ತೊಳೆಯುವ ಹಂತದಲ್ಲಿ ಸರಿಪಡಿಸುವ ಯಾವ ವಿಧಾನವೂ ಇಲ್ಲ.

ಆದ್ದರಿಂದಲೇ ಬಹುಕಾಲ ಒಂದೇ ಸೂತ್ರ ಚಾಲ್ತಿಯಲ್ಲಿತ್ತು: ಫಿಲ್ಮನ್ನು ಚೆಕ್-ಇನ್ ಲಗೇಜಿನಲ್ಲಿ ಹಾಕಬಾರದು, ಕೈಚೀಲದಲ್ಲಿ ಒಯ್ದರೆ ಚಿಂತೆಯಿಲ್ಲ. ಮೊದಲ ಅರ್ಧ ಇಂದಿಗೂ ನಿಜ. ಎರಡನೆಯ ಅರ್ಧ ನಿಜವಾಗಿ ಉಳಿದಿಲ್ಲ, ಏಕೆಂದರೆ ಸಿಟಿ ಯಂತ್ರಗಳು ಈಗ ಕೈಚೀಲದ ಸಾಲಿಗೂ ಬಂದಿವೆ. ಅಮೆರಿಕ, ಬ್ರಿಟನ್ ಮತ್ತು ಯುರೋಪಿನ ಹಲವು ದೊಡ್ಡ ನಿಲ್ದಾಣಗಳಲ್ಲಿ ಇವು ನೆಲೆಗೊಂಡಿವೆ. ಭಾರತದಲ್ಲೂ ಭದ್ರತಾ ಬ್ಯೂರೊ ದೊಡ್ಡ ನಿಲ್ದಾಣಗಳಿಗೆ ಇವನ್ನು ಅಳವಡಿಸಲು ಸೂಚಿಸಿದೆ, ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ಎರಡನೆಯ ಟರ್ಮಿನಲ್ ಇದರ ಪ್ರಯೋಗ ನಡೆದ ತಾಣಗಳಲ್ಲಿ ಒಂದು. ಇಂಥ ಯಂತ್ರಕ್ಕೆ ಒಮ್ಮೆಯೂ ಫಿಲ್ಮು ಹಾಕಬಾರದೆಂಬುದು ಕೊಡಕ್ ಮತ್ತು ಇಲ್ಫರ್ಡ್ ತಯಾರಕರ ಸಲಹೆ. ಇಲ್ಲಿ ವೇಗ ಕಡಿಮೆಯಿದ್ದರೆ ಪರವಾಗಿಲ್ಲವೆಂಬ ಸಮಾಧಾನವೂ ಇಲ್ಲ. ಸಾಲಿನಲ್ಲಿ ನಿಂತವರಿಗೆ ಯಂತ್ರದ ಬಗೆಯನ್ನು ಗುರುತಿಸಲು ಒಂದು ಸುಳುಹುಂಟು. ಲ್ಯಾಪ್‌ಟಾಪನ್ನು ಚೀಲದಿಂದ ಹೊರತೆಗೆಯಬೇಕಿಲ್ಲವೆಂದು ಸಿಬ್ಬಂದಿ ಹೇಳುತ್ತಿದ್ದರೆ, ಎದುರಿನ ಯಂತ್ರ ದಪ್ಪನೆಯ ದುಂಡು ಮೈಯದಾಗಿದ್ದರೆ ಅದು ಬಹುತೇಕ ಸಿಟಿ ಎಂದೇ ತಿಳಿಯಬೇಕು. ಪ್ರಯಾಣಿಕರಿಗೆ ಅನುಕೂಲವಾದುದು ಫಿಲ್ಮಿಗೆ ಪ್ರತಿಕೂಲವಾಗಿದೆ.

ಹಳೆಯ ಬಗೆಯ ಯಂತ್ರವಿರುವಲ್ಲಿ ಲೆಕ್ಕಾಚಾರಕ್ಕೆ ಎಡೆಯಿದೆ. ಸಾಮಾನ್ಯವಾಗಿ ಐಎಸ್ಒ 800ನ್ನು ಗಡಿಯೆಂದು ಹಿಡಿಯುತ್ತಾರೆ. 100, 200, 400ರ ಫಿಲ್ಮುಗಳು ಕೆಲವು ಸಲ ಹಾದುಬಂದರೂ ಕಣ್ಣಿಗೆ ಕಾಣುವಂಥ ವ್ಯತ್ಯಾಸ ಬರುವುದಿಲ್ಲ, 800 ಮತ್ತು ಅದಕ್ಕೆ ಮೇಲ್ಪಟ್ಟವನ್ನು ಹಾಯಿಸದಿರುವುದೇ ಲೇಸು. ಇನ್‌ಸ್ಟಾಕ್ಸ್ ಹಾಳೆಗಳು ಈ 800ರ ಗುಂಪಿಗೇ ಸೇರುತ್ತವೆಂಬುದು ಅವನ್ನು ಬಳಸುವ ಹೆಚ್ಚಿನವರ ಗಮನಕ್ಕೆ ಬಂದಿರುವುದಿಲ್ಲ. 400ರ ಫಿಲ್ಮನ್ನು 1600 ಎಂದು ಎಣಿಸಿ ಚಿತ್ರ ತೆಗೆದು ಹೆಚ್ಚು ಹೊತ್ತು ತೊಳೆಸುವ ರೂಢಿಯುಳ್ಳವರು ಅದನ್ನೂ ವೇಗದ ಫಿಲ್ಮಿನಂತೆಯೇ ಕಾಣಬೇಕು. ಎಣಿಕೆ ಮಾಡುವಾಗ ವಿಮಾನ ನಿಲ್ದಾಣವನ್ನಷ್ಟೇ ಎಣಿಸಿದರೆ ಸಾಲದು: ಮಂಗಳೂರಿನಿಂದ ಮುಂಬಯಿ, ಅಲ್ಲಿಂದ ಹೊರದೇಶ, ಮರಳಿ ಅದೇ ದಾರಿ ಎಂದರೆ ನಾಲ್ಕು ಸಲವಾದರೂ ತಪಾಸಣೆಯಾಗುತ್ತದೆ, ಅದರ ಮೇಲೆ ನಮ್ಮ ಮೆಟ್ರೊ ನಿಲ್ದಾಣಗಳ ಬಾಗಿಲಿನ ಯಂತ್ರ, ದೊಡ್ಡ ಹೋಟೆಲುಗಳ ಯಂತ್ರ, ತಿರುಮಲೆಗೆ ಹೋಗುವವರಿಗೆ ಅಲಿಪಿರಿಯ ಯಂತ್ರ. ನಿತ್ಯ ಮೆಟ್ರೊದಲ್ಲಿ ಓಡಾಡುವವರು ಅರ್ಧ ತೆಗೆದ ರೋಲಿರುವ ಕ್ಯಾಮೆರಾವನ್ನು ಚೀಲದಲ್ಲಿಟ್ಟುಕೊಂಡು ತಿಂಗಳುಗಟ್ಟಲೆ ತಿರುಗಿದರೆ, ವಿದೇಶಯಾನ ಮಾಡಿದವರಿಗಿಂತ ಹೆಚ್ಚು ಸಲ ತಮ್ಮ ಫಿಲ್ಮನ್ನು ಕ್ಷ-ಕಿರಣಕ್ಕೆ ಒಡ್ಡಿರುತ್ತಾರೆ.

ಇದಕ್ಕೆ ಪರಿಹಾರವೆಂದು ಮಾರಲಾಗುವ ಸೀಸದ ಚೀಲಗಳ ವಿಷಯದಲ್ಲಿ ಎಚ್ಚರ ಬೇಕು. ಸೀಸವು ಕ್ಷ-ಕಿರಣವನ್ನು ತಡೆಯುವುದು ನಿಜ, ಆದರೆ ಹೊತ್ತೊಯ್ಯಬಲ್ಲಷ್ಟು ಹಗುರವಾದ ಚೀಲದ ತೆಳುಪದರ ದುರ್ಬಲ ಕಿರಣವನ್ನು ತಡೆದಷ್ಟು ಚೆನ್ನಾಗಿ ಪ್ರಬಲ ಕಿರಣವನ್ನು ತಡೆಯಲಾರದು. ಅದಕ್ಕಿಂತ ದೊಡ್ಡ ತೊಡಕೆಂದರೆ, ಒಳಗೇನಿದೆಯೆಂದು ತೋರಿಸದ ಕಪ್ಪು ಗಡ್ಡೆಯೊಂದು ಪರದೆಯ ಮೇಲೆ ಕಂಡರೆ ಯಾವ ಸಿಬ್ಬಂದಿಯೂ ಸುಮ್ಮನೆ ಬಿಡುವುದಿಲ್ಲ. ಅದೃಷ್ಟವಿದ್ದರೆ ತೆರೆದು ನೋಡುತ್ತಾರೆ, ಇಲ್ಲದಿದ್ದರೆ ಚೀಲವನ್ನು ಇನ್ನೊಮ್ಮೆ, ಒಳಗಿನ ರೋಲನ್ನು ಹೊರತೆಗೆದು ಮತ್ತೊಮ್ಮೆ ಯಂತ್ರಕ್ಕೆ ಹಾಕುತ್ತಾರೆ. ಹಣ ಕೊಟ್ಟು ಅನುಮಾನವನ್ನು ಕೊಂಡಂತೆ ಆಗುತ್ತದೆ.

ಭರವಸೆಯ ದಾರಿಯೆಂದರೆ ಕೈಯಿಂದ ಪರಿಶೀಲಿಸುವಂತೆ ವಿನಂತಿಸುವುದು. ಅಮೆರಿಕದ ನಿಯಮಗಳಲ್ಲಿ ಪ್ರಯಾಣಿಕ ಕೇಳಿಕೊಂಡರೆ ಫಿಲ್ಮನ್ನು ಎಕ್ಸ್-ರೇಗೆ ಒಡ್ಡದೆ ಪರಿಶೀಲಿಸಬೇಕೆಂದೇ ಇದೆ. ಭಾರತದಲ್ಲಿ ಇದು ಬಹುಮಟ್ಟಿಗೆ ಸರದಿಯಲ್ಲಿರುವ ಅಧಿಕಾರಿಯ ವಿವೇಚನೆಗೆ ಬಿಟ್ಟದ್ದಾಗಿರುವುದರಿಂದ ಅಧಿಕಾರಿಯ ಕೆಲಸವನ್ನು ಹಗುರ ಮಾಡಿಕೊಡುವುದೇ ಪ್ರಯಾಣಿಕನ ಕೈಯಲ್ಲಿರುವ ಉಪಾಯ. ರೋಲುಗಳನ್ನು ರಟ್ಟಿನ ಪೆಟ್ಟಿಗೆಗಳಿಂದ ತೆಗೆದು ಒಂದೇ ಪಾರದರ್ಶಕ ಚೀಲದಲ್ಲಿ ಎದ್ದು ಕಾಣುವಂತೆ ಇಟ್ಟುಕೊಂಡು, ಟ್ರೇ ಮುಟ್ಟುವ ಮೊದಲೇ ಅದನ್ನು ಕೈಗೆ ಕೊಟ್ಟು ವಿಷಯ ತಿಳಿಸಿದರೆ ಒಪ್ಪುವ ಸಂಭವ ಹೆಚ್ಚು; ಚೀಲವೆಲ್ಲ ಪಟ್ಟಿಯ ಮೇಲೆ ಸಾಗಿದ ಬಳಿಕ ವಾದಕ್ಕಿಳಿದರೆ ಹಿಂದಿನ ಸಾಲಿನವರ ಶಾಪವೂ ಸೇರಿಕೊಳ್ಳುತ್ತದೆ. ಸ್ಫೋಟಕದ ಕುರುಹು ಹುಡುಕಲು ಬಟ್ಟೆಯ ತುಂಡಿನಿಂದ ಒರೆಸಿ ನೋಡುವ ಪರೀಕ್ಷೆಯಿಂದ ಫಿಲ್ಮಿಗೆ ಏನೂ ಆಗುವುದಿಲ್ಲ, ಮನುಷ್ಯರು ನಡೆದುಹೋಗುವ ಲೋಹಶೋಧಕ ಚೌಕಟ್ಟಿನಿಂದಲೂ ಆಗುವುದಿಲ್ಲ, ಏಕೆಂದರೆ ಎರಡರಲ್ಲೂ ಕ್ಷ-ಕಿರಣವಿಲ್ಲ. ಕ್ಯಾಮೆರಾದೊಳಗೆ ಅರ್ಧ ಮುಗಿದ ರೋಲಿದ್ದರೆ ಪ್ರಯಾಣಕ್ಕೆ ಮೊದಲೇ ಅದನ್ನು ಮುಗಿಸಿ ಹೊರತೆಗೆಯುವುದು ಒಳ್ಳೆಯದು. ಒಳಗೆ ನೋಡಬೇಕೆಂದು ಯಾರಾದರೂ ಹಿಂಬಾಗಿಲು ತೆರೆದರೆ ಕ್ಷ-ಕಿರಣ ಮಾಡುವುದಕ್ಕಿಂತ ಹೆಚ್ಚಿನ ನಾಶವನ್ನು ಹಗಲಿನ ಬೆಳಕೇ ಮಾಡಿಬಿಡುತ್ತದೆ.

ಅಂಚೆ ಅಥವಾ ಕೊರಿಯರಿನಲ್ಲಿ ಕಳುಹಿಸಿದರೆ ಪಾರಾಗಬಹುದೆಂಬ ನಂಬಿಕೆಗೂ ಆಧಾರ ಕಡಿಮೆ, ವಿಮಾನದಲ್ಲಿ ಸಾಗುವ ಪಾರ್ಸೆಲ್ಲುಗಳೂ ತಪಾಸಣೆಗೆ ಒಳಗಾಗುತ್ತವೆ. ಒಪ್ಪಿಗೆ ಸಿಗುವುದು ಅನುಮಾನವೆನಿಸುವ ಕಡೆಗೆ ಹೋಗುವವರು ಫಿಲ್ಮನ್ನು ಅಲ್ಲಿಯೇ ಕೊಂಡು, ನಂಬಬಹುದಾದ ಪ್ರಯೋಗಾಲಯವಿದ್ದರೆ ಅಲ್ಲಿಯೇ ತೊಳೆಸಿಕೊಂಡು ಬರುವುದು ಉತ್ತಮ. ತೊಳೆದಾದ ನೆಗೆಟಿವಿನಲ್ಲಿ ಬೆಳಕಿಗೆ ಸ್ಪಂದಿಸುವ ಹರಳುಗಳು ಉಳಿದಿರುವುದಿಲ್ಲವಾದ್ದರಿಂದ ಅದನ್ನು ಯಾವ ಯಂತ್ರದಲ್ಲಿ ಎಷ್ಟು ಸಲ ಬೇಕಾದರೂ ಹಾಯಿಸಬಹುದು.