ಇಪ್ಪತ್ತೆಂಟು ಪೌಂಡಿನ ಅಂಗಡಿ

ಅಂಗಡಿಗೆ ಬರುವ ಗಿರಾಕಿಯೇ ಅದರ ಒಡೆಯನೂ ಆಗಿಬಿಟ್ಟರೆ, ತೂಕದಲ್ಲಿ ಮೋಸ ಮಾಡುವವರು ಯಾರು, ಮೋಸ ಹೋಗುವವರು ಯಾರು? ಕೇಳಲು ಸುಲಭವಾದ ಈ ಮಾತನ್ನು ನಡೆಸಿ ತೋರಿಸಿದವರು ಪಂಡಿತರಲ್ಲ, ಧನಿಕರೂ ಅಲ್ಲ. ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಗಿರಣಿ ಪಟ್ಟಣದ ನೇಕಾರರೂ ಇತರ ಕಸಬುದಾರರೂ.

1840ರ ದಶಕದಲ್ಲಿ ಅವರ ಬಾಳು ಬಹು ದುಸ್ತರವಾಗಿತ್ತು. ಯಂತ್ರವು ಕೈಮಗ್ಗವನ್ನು ಮೂಲೆಗೊತ್ತಿತ್ತು, ಕೂಲಿ ಇಳಿದಿತ್ತು. ಕೈಯಲ್ಲಿ ಕಾಸಿಲ್ಲದವರು ಸಾಮಾನನ್ನು ಉದ್ರಿಯಾಗಿ ತರಬೇಕು; ಸಾಲ ತೀರುವವರೆಗೆ ಬೇರೆ ಅಂಗಡಿಯ ಮೆಟ್ಟಿಲು ಹತ್ತುವಂತಿಲ್ಲ. ಹಿಟ್ಟಿಗೆ ಸೀಮೆಸುಣ್ಣವನ್ನೂ ಚಹಕ್ಕೆ ಒಮ್ಮೆ ಕುದಿಸಿ ಒಣಗಿಸಿದ ಎಲೆಯನ್ನೂ ಬೆರೆಸುತ್ತಿದ್ದ ಕಾಲವದು.

ಈ ಕಷ್ಟಕ್ಕೆ ತಮ್ಮದೇ ಅಂಗಡಿಯೊಂದು ಪರಿಹಾರವೆಂದು ಅವರು ಬಗೆದರು. ಆದರೆ 1833ರಲ್ಲಿ ಅದೇ ಊರಿನ ಟೋಡ್ ಲೇನ್ ಬೀದಿಯಲ್ಲಿ ತೆರೆದಿದ್ದ ಇಂತಹುದೇ ಅಂಗಡಿ ಎರಡೇ ವರ್ಷಗಳಲ್ಲಿ ಮುಚ್ಚಿಹೋಗಿತ್ತು. ಉದ್ರಿಯೇ ಅದಕ್ಕೆ ಮುಳುವಾಗಿತ್ತು. ಆದುದರಿಂದ ಈ ಸಲ ಮೊದಲ ಕಟ್ಟಳೆ ಇದಾಯಿತು: ಹಣ ಕೊಟ್ಟೇ ಸಾಮಾನು ಕೊಳ್ಳಬೇಕು, ಸದಸ್ಯನಿಗೂ ಸಾಲವಿಲ್ಲ.

ವಾರಕ್ಕೆ ಎರಡು ಪೆನ್ನಿಗಳಂತೆ ಮನೆಮನೆಗೆ ಹೋಗಿ ವಂತಿಗೆ ಎತ್ತಿದರು. ಕೂಡಿದ ಮೂಲಧನ 28 ಪೌಂಡು. ಅದೇ ಟೋಡ್ ಲೇನಿನಲ್ಲಿ ಹಳೆಯ ಉಗ್ರಾಣವೊಂದರ ಕೆಳ ಅಂತಸ್ತನ್ನು ವರ್ಷಕ್ಕೆ 10 ಪೌಂಡು ಬಾಡಿಗೆಗೆ ಹಿಡಿದರು. ರಿಪೇರಿಯ ಖರ್ಚು ಕಳೆದು ಉಳಿದ ಹಣಕ್ಕೆ ಬಂದದ್ದು ಕೊಂಚ ಬೆಣ್ಣೆ, ಸಕ್ಕರೆ, ಗೋಧಿ ಹಿಟ್ಟು, ಓಟ್ ಹಿಟ್ಟು ಮತ್ತು ಮೇಣದ ಬತ್ತಿ. 1844ರ ಡಿಸೆಂಬರ್ 21ರ ಸಂಜೆ ಬಾಗಿಲು ತೆರೆದಾಗ ಬೀದಿಯ ಹುಡುಗರು ಗೇಲಿ ಮಾಡಿ ನಕ್ಕರು.

ಲಾಭ ಯಾರಿಗೆ?

ನಕ್ಕವರಿಗೆ ಕಾಣದಿದ್ದ ಬಲವು ಅಂಗಡಿಯ ನಿಯಮಗಳಲ್ಲಿತ್ತು. ಶುದ್ಧ ಪದಾರ್ಥ, ಪೂರ್ತಿ ತೂಕ, ಪೇಟೆಯ ಧಾರಣೆ. ಹಾಕಿದ ಬಂಡವಾಳಕ್ಕೆ ಮಿತವಾದ ಬಡ್ಡಿಯಷ್ಟೆ; ಮಿಕ್ಕ ಲಾಭವು ಅವರವರು ಕೊಂಡ ಸಾಮಾನಿನ ಪ್ರಮಾಣದಲ್ಲಿ ಹಂಚಿಕೆಯಾಗಬೇಕು. ನೂರರ ಸಾಮಾನು ಕೊಂಡ ಸಂಸಾರಕ್ಕಿಂತ ಇನ್ನೂರರದ್ದು ಕೊಂಡ ಸಂಸಾರಕ್ಕೆ ಎರಡರಷ್ಟು ಲಾಭಾಂಶ. ಮತ ಮಾತ್ರ ಪ್ರತಿ ಸದಸ್ಯನಿಗೂ ಒಂದೇ. ಅಡಿಗೆಯ ಖರ್ಚೇ ಹೀಗೆ ಗೃಹಿಣಿಯ ಉಳಿತಾಯವೂ ಆಯಿತು.

1849ರಲ್ಲಿ ಊರಿನ ಉಳಿತಾಯ ಬ್ಯಾಂಕು ಮುರಿದು ಬಿದ್ದಾಗ ಜನರ ನಂಬಿಕೆ ಈ ಅಂಗಡಿಯ ಕಡೆಗೆ ತಿರುಗಿತು. 1850ರಲ್ಲಿ ಸದಸ್ಯರು 600, 1860ರಲ್ಲಿ 3,450.

ಆ ಮಾದರಿ ಸಮುದ್ರ ದಾಟಿ ನಮ್ಮತ್ತಲೂ ಬಂದಿತು. 1904ರಲ್ಲಿ ಮದರಾಸಿನ ಟ್ರಿಪ್ಲಿಕೇನ್ ಬಡಾವಣೆಯ ಮಧ್ಯಮ ವರ್ಗದವರು ತಮ್ಮದೇ ಸಹಕಾರ ಭಂಡಾರವನ್ನು ಸ್ಥಾಪಿಸಿದರು, ವಿ. ಎಸ್. ಶ್ರೀನಿವಾಸ ಶಾಸ್ತ್ರಿಗಳೂ ಆ ಕಾರ್ಯದಲ್ಲಿ ಭಾಗಿಗಳಾಗಿದ್ದರು.

ಟೋಡ್ ಲೇನಿನ ಆ ಕಟ್ಟಡ ಇಂದು ವಸ್ತುಸಂಗ್ರಹಾಲಯ. ಬಡಾವಣೆಯಲ್ಲೊಂದು ಸಹಕಾರಿ ಅಂಗಡಿ ತೆರೆಯಬಯಸುವವರು ಅದರಿಂದ ಕಲಿಯಬೇಕಾದದ್ದು ಇಷ್ಟೆ: ಷೇರು ಹಣ ಕೊಟ್ಟು ಮನೆಗೆ ಹೋಗುವ ನೂರು ಮಂದಿಗಿಂತ, ತಿಂಗಳ ದಿನಸಿಯನ್ನು ಅಲ್ಲಿಯೇ ನಗದು ಕೊಟ್ಟು ಕೊಂಡು, ವರ್ಷದ ಸಭೆಯಲ್ಲಿ ಕುಳಿತು ಲೆಕ್ಕ ಕೇಳುವ ಇಪ್ಪತ್ತೆಂಟು ಮಂದಿಯೇ ಲೇಸು.