ಎಡಗಿವಿಗೆ ವಾಚನ, ಬಲಗಿವಿಗೆ ವ್ಯಾಖ್ಯಾನ

ಮನುಷ್ಯನಿಗೆ ಕಿವಿಗಳು ಎರಡು. ಅವನು ಕೇಳುವ ಲೋಕ ಮಾತ್ರ ಒಂದೇ. ಕಣ್ಣು ಮುಚ್ಚಿ ಕುಳಿತವನಿಗೂ ಬಾಗಿಲು ಬಡಿದ ಸದ್ದು ಯಾವ ಕಡೆಯಿಂದ ಬಂತು, ಬೀದಿಯ ಬಂಡಿ ಯಾವ ಕಡೆಗೆ ಹೋಯಿತು ಎಂಬುದು ತಿಳಿಯುತ್ತದೆ. ಈ ನಿತ್ಯದ ಅನುಭವದ ಹಿಂದೆ ಒಂದು ಲೆಕ್ಕವಿದೆ. ಆ ಲೆಕ್ಕವನ್ನು ಗಣಕಯಂತ್ರಕ್ಕೆ ಹೇಳಿಕೊಟ್ಟು, ಒಂದು ಧ್ವನಿಯನ್ನು ಎಡದ ಸ್ಪೀಕರಿಗೂ ಇನ್ನೊಂದನ್ನು ಬಲದ ಸ್ಪೀಕರಿಗೂ ಬೇರೆಬೇರೆಯಾಗಿ ಕಳುಹಿಸುವುದು ಹೇಗೆ, ಅದರಿಂದ ಸಾಹಿತ್ಯಾಸಕ್ತರಿಗೆ ಆಗಬೇಕಾದುದೇನು ಎಂಬುದು ಇಂದಿನ ವಿಚಾರ.

ಕನ್ನಡ ಪಾಠ ಹೇಳಿದವನಿಗೆ ಗಣಕದ ಗೊಡವೆ ಏಕೆಂದು ಯಾರಾದರೂ ಕೇಳಬಹುದು. ಕಾರಣ ನಮ್ಮ ಊರಿನ ಪಕ್ಕದಲ್ಲೇ ಇದೆ. ಶಿವಮೊಗ್ಗದಿಂದ ಕೆಲವೇ ಮೈಲಿ ದೂರದಲ್ಲಿ, ತುಂಗೆಯ ಒಂದು ದಡದಲ್ಲಿ ಮತ್ತೂರು, ಎದುರು ದಡದಲ್ಲಿ ಹೊಸಹಳ್ಳಿ. ಹೊಸಹಳ್ಳಿಯ ಎಚ್. ಆರ್. ಕೇಶವಮೂರ್ತಿಯವರ ಗಮಕ ವಾಚನ, ಮತ್ತೂರು ಕೃಷ್ಣಮೂರ್ತಿಯವರ ವ್ಯಾಖ್ಯಾನ. ಕುಮಾರವ್ಯಾಸ ಭಾರತವನ್ನು ಈ ಜೋಡಿಯಿಂದ ಕೇಳಿ ತಣಿದವರು ನಾಡಿನಲ್ಲಿ ಅಸಂಖ್ಯ. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ಇಬ್ಬರೂ ಇಂದು ನಮ್ಮೊಡನಿಲ್ಲ. ಉಳಿದಿರುವುದು ಧ್ವನಿಮುದ್ರಣಗಳು. ಗಮಕವೆಂಬುದು ಎರಡು ಕಂಠಗಳ ಕಲೆ. ಒಂದು ಕಂಠ ಪದ್ಯವನ್ನು ರಾಗದಲ್ಲಿ ಹರಿಸುತ್ತದೆ, ಇನ್ನೊಂದು ಅದರ ಅರ್ಥವನ್ನು ಬಿಡಿಸುತ್ತದೆ. ಇಂಥ ಕಲೆಯನ್ನು ಮುದ್ರಿಸಿಡುವಾಗ ಎರಡು ಕಂಠಗಳನ್ನು ಬೆರೆಸಿಡಬೇಕೇ, ಬೇರೆಯಾಗಿಡಬೇಕೇ? ಈ ಪ್ರಶ್ನೆಗೆ ಉತ್ತರ ಬೇಕಾದವರು ಎಡಬಲಗಳ ಲೆಕ್ಕವನ್ನು ಸ್ವಲ್ಪ ತಿಳಿಯಲೇಬೇಕು.

ಮೊದಲು ಕಿವಿಯ ಲೆಕ್ಕ. ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ನಮ್ಮ ಎಡಮಗ್ಗುಲಲ್ಲಿ ನಿಂತು ಒಬ್ಬರು ಮಾತನಾಡಿದರೆ ಆ ಶಬ್ದ ಮೊದಲು ಎಡಗಿವಿಯನ್ನು ಮುಟ್ಟುತ್ತದೆ. ತಲೆಯನ್ನು ಬಳಸಿ ಬಲಗಿವಿಯನ್ನು ಸೇರುವಷ್ಟರಲ್ಲಿ ಒಂದು ಸೆಕೆಂಡಿನ ಹತ್ತು ಸಾವಿರ ಭಾಗಗಳಲ್ಲಿ ಆರೇಳು ಭಾಗ ಕಳೆದಿರುತ್ತದೆ. ಜತೆಗೆ ತಲೆಯೇ ಅಡ್ಡವಾಗಿ, ಬಲಗಿವಿಗೆ ಮುಟ್ಟುವ ದನಿ ತುಸು ಕುಗ್ಗಿರುತ್ತದೆ. ತಗ್ಗಿನ ಸ್ವರಗಳಲ್ಲಿ ಮಿದುಳು ಈ ಕಾಲದ ಅಂತರವನ್ನೂ ಏರುಸ್ವರಗಳಲ್ಲಿ ಬಲದ ಅಂತರವನ್ನೂ ಆಧರಿಸಿ ದಿಕ್ಕನ್ನು ಅರಿಯುತ್ತದೆ ಎಂಬ ಸಿದ್ಧಾಂತವನ್ನು ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರ್‍ಯಾಲೆ 1907ರಲ್ಲಿ ಮಂಡಿಸಿದರು.

ಸಿದ್ಧಾಂತಕ್ಕಿಂತ ಮೊದಲೇ ಪ್ರಯೋಗ ನಡೆದಿತ್ತು. 1881ರಲ್ಲಿ ಪ್ಯಾರಿಸಿನ ವಿದ್ಯುತ್ ಪ್ರದರ್ಶನದಲ್ಲಿ ಕ್ಲೆಮಾಂ ಅದೇರ್ ಎಂಬ ಎಂಜಿನಿಯರ್ ಅಲ್ಲಿನ ಒಪೆರಾ ರಂಗಮಂದಿರದಿಂದ ಟೆಲಿಫೋನ್ ತಂತಿಗಳನ್ನು ಎಳೆಸಿ, ಕೇಳುಗರ ಒಂದೊಂದು ಕಿವಿಗೂ ಒಂದೊಂದು ಫೋನನ್ನು ಕೊಟ್ಟರು. ಗಾಯಕರು ವೇದಿಕೆಯ ಮೇಲೆ ಓಡಾಡುವುದು ದೂರದಲ್ಲಿ ಕುಳಿತವರಿಗೆ ಕಿವಿಯಲ್ಲೇ ಕಂಡಿತು. 1931ರಲ್ಲಿ ಲಂಡನ್ನಿನ ಅಲನ್ ಬ್ಲೂಮ್‌ಲೈನ್ ಎರಡು ಧಾರೆಗಳ ಧ್ವನಿಮುದ್ರಣಕ್ಕೆ ಪೇಟೆಂಟ್ ಕೋರಿದರು. ಮುಂದೆ ಇದಕ್ಕೆ ರೂಢಿಯಾದ ಹೆಸರು ‘ಸ್ಟೀರಿಯೋ’. ಗ್ರೀಕಿನಲ್ಲಿ ಆ ಶಬ್ದಕ್ಕೆ ‘ಘನ’ ಎಂದರ್ಥ. ಚಪ್ಪಟೆಯಾದ ಧ್ವನಿಗೆ ಅಗಲ ಬಂದು ಘನವಾಯಿತೆಂಬ ಭಾವ.

ಇನ್ನು ಗಣಕದ ಲೆಕ್ಕ. ಗಣಕಕ್ಕೆ ಧ್ವನಿಯೆಂದರೆ ಅಂಕಿಗಳ ಸಾಲು. 1982ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕಿನ ಪದ್ಧತಿಯಲ್ಲಿ ಒಂದು ಸೆಕೆಂಡಿನ ಧ್ವನಿಗೆ 44,100 ಅಂಕಿಗಳು. ಎರಡು ಧಾರೆಗಳಾದರೆ ಅಂಥ ಸಾಲುಗಳೂ ಎರಡು. ಕಡತದಲ್ಲಿ ಅವನ್ನು ಒಂದರ ಹಿಂದೊಂದು ಇಡದೆ, ಎಡದ ಒಂದು ಅಂಕಿ, ಬಲದ ಒಂದು ಅಂಕಿ, ಮತ್ತೆ ಎಡ, ಮತ್ತೆ ಬಲ ಎಂದು ಹೆಣೆದಿಡುತ್ತಾರೆ. ಟೀಕಾಸಹಿತವಾದ ಹಳೆಯ ಕಾವ್ಯಗಳಲ್ಲಿ ಮೂಲ ಒಂದು ಸಾಲು, ಅದರ ಕೆಳಗೆ ಟೀಕೆ ಒಂದು ಸಾಲು ಬರುವುದನ್ನು ಓದುಗರು ನೋಡಿರಬಹುದು. ಇದೂ ಹಾಗೆಯೇ. ಮೂಲ ಮಾತ್ರ ಬೇಕೆಂದವರು ಸಾಲು ಬಿಟ್ಟು ಸಾಲು ಓದಬಹುದು.

ಹೀಗಿರುವಲ್ಲಿ ಒಂದು ದನಿಯನ್ನು ಎಡಕ್ಕೆ ಮಾತ್ರ ಕಳುಹಿಸುವ ಕೋಡ್ ಬರೆಯುವುದು ಅತಿ ಸುಲಭ. ಎಡದ ಸಾಲಿನಲ್ಲಿ ಆ ದನಿಯ ಅಂಕಿಗಳನ್ನು ತುಂಬಬೇಕು. ಬಲದ ಸಾಲಿನಲ್ಲಿ ಅಷ್ಟೇ ಸಂಖ್ಯೆಯ ಸೊನ್ನೆಗಳನ್ನು ತುಂಬಬೇಕು. ಸೊನ್ನೆಯೆಂದರೆ ಮೌನ. ವಾಚನ ಎಡಕ್ಕೆ, ವ್ಯಾಖ್ಯಾನ ಬಲಕ್ಕೆ ಎಂದಾದರೆ ಎರಡು ಸಾಲುಗಳಲ್ಲೂ ದನಿ ತುಂಬಿ, ಗಿಡ್ಡವಾದ ಸಾಲಿನ ಕೊನೆಗೆ ಸೊನ್ನೆಗಳನ್ನು ಸೇರಿಸಿ ಎರಡನ್ನೂ ಸಮವಾಗಿಸಬೇಕು. ಧಾರೆಗಳು ಎರಡೆಂಬುದನ್ನು ಯಂತ್ರಕ್ಕೆ ಸ್ಪಷ್ಟವಾಗಿ ತಿಳಿಸಬೇಕು. ತಿಳಿಸದಿದ್ದರೆ ಅದು ಹೆಣೆದ ಅಂಕಿಗಳನ್ನೆಲ್ಲ ಒಂದೇ ದನಿಯೆಂದು ಬಗೆದು ಓದುತ್ತದೆ. ಆಗ ಮಾತು ಅರ್ಧ ವೇಗಕ್ಕೆ ಎಳೆದು, ಸ್ವರ ಒಂದು ಸ್ಥಾಯಿ ಕೆಳಗಿಳಿಯುತ್ತದೆ.

ಪೂರಾ ಎಡ, ಪೂರಾ ಬಲಗಳ ನಡುವೆ ಬೇಕಾದ ಎಡೆಯಲ್ಲಿ ದನಿಯನ್ನು ನಿಲ್ಲಿಸುವುದೂ ಸಾಧ್ಯ. ಬ್ರೌಸರಿನಲ್ಲಿ ಧ್ವನಿ ನುಡಿಸುವ ಕೋಡಿನಲ್ಲಿ ‘ಪ್ಯಾನ್’ ಎಂಬ ಒಂದು ಸಂಖ್ಯೆಯಿರುತ್ತದೆ: ಋಣ 1 ಎಂದರೆ ಎಡದ ತುದಿ, ಸೊನ್ನೆ ನಡು, ಧನ 1 ಬಲದ ತುದಿ. ನಡುವಿಗೆ ತರಬೇಕಾದರೆ ಎರಡೂ ಕಡೆಗೆ ಅರ್ಧರ್ಧ ಹಂಚಿದರೆ ಸಾಲದೇ ಎಂದು ತೋರುತ್ತದೆ. ಆದರೆ ಧ್ವನಿಯ ಶಕ್ತಿ ಆ ಸಂಖ್ಯೆಯ ವರ್ಗವನ್ನು ಅನುಸರಿಸುತ್ತದೆ. ಅರ್ಧದ ವರ್ಗ ಕಾಲು; ಎರಡು ಕಾಲು ಸೇರಿ ಅರ್ಧವಷ್ಟೇ ಆಯಿತು. ಕೋಣೆಯ ಸ್ಪೀಕರುಗಳಲ್ಲಿ ಕೇಳಿದಾಗ ದನಿ ನಡುವಿಗೆ ಬಂದೊಡನೆ ಹಿಂದೆ ಸರಿದಂತಾಗುತ್ತದೆ. ಆದುದರಿಂದ ಎರಡೂ ಕಡೆಗೆ ಸುಮಾರು 0.707ರಂತೆ ಹಂಚುತ್ತಾರೆ, ಇದರ ವರ್ಗ ಅರ್ಧ, ಎರಡೂ ಸೇರಿದರೆ ಒಂದು. ಇನ್ನೊಂದು ಉಪಾಯವೂ ಉಂಟು. ಎರಡೂ ಸಾಲುಗಳಲ್ಲಿ ಒಂದೇ ದನಿಯನ್ನಿಟ್ಟು, ಬಲದ ಸಾಲಿನ ಮುಂದೆ 26 ಸೊನ್ನೆಗಳನ್ನು ಸೇರಿಸಿದರೆ ಸಾಕು. ಆ 26 ಸೊನ್ನೆಗಳ ಅವಧಿ ಸೆಕೆಂಡಿನ ಹತ್ತು ಸಾವಿರ ಭಾಗಗಳಲ್ಲಿ ಸುಮಾರು ಆರು, ಎಂದರೆ ಶಬ್ದವು ತಲೆಯನ್ನು ಬಳಸಲು ಹಿಡಿಯುವಷ್ಟು ಹೊತ್ತು. ದನಿಯ ಬಲ ಬದಲಾಗದಿದ್ದರೂ ಇಯರ್‌ಫೋನ್ ಧರಿಸಿದವರಿಗೆ ಅದು ಎಡಕ್ಕೆ ಸರಿದಂತೆ ಕೇಳಿಸುತ್ತದೆ. ಒಂದು ಮಾತನ್ನು ನೆನಪಿಡಬೇಕು: ಕೋಣೆಯ ಸ್ಪೀಕರುಗಳಲ್ಲಿ ಎಡದ ಸದ್ದು ಬಲಗಿವಿಗೂ ಮುಟ್ಟುತ್ತದೆ. ಕಿವಿಗೆ ಕಿವಿ ಬೇರೆಯಾಗುವುದು ಇಯರ್‌ಫೋನಿನಲ್ಲಿ ಮಾತ್ರ.

ಬೆರೆಸುವುದೂ ಬೇರೆಯಿಡುವುದೂ ಹೇಗೆ ಭಿನ್ನವೆಂಬುದನ್ನು ನಮ್ಮ ಜಿಲ್ಲೆಯ ಭೂಗೋಳವೇ ಕಲಿಸುತ್ತದೆ. ಶಿವಮೊಗ್ಗದ ತುಂಗೆ, ಭದ್ರಾವತಿಯ ಭದ್ರೆ ಕೂಡಲಿಯಲ್ಲಿ ಒಂದಾಗುತ್ತವೆ. ಸಂಗಮದ ಕೆಳಗೆ ಒಂದು ಬೊಗಸೆ ನೀರನ್ನೆತ್ತಿ, ಇದರಲ್ಲಿ ತುಂಗೆಯದೆಷ್ಟು, ಭದ್ರೆಯದೆಷ್ಟು ಎಂದರೆ ಹೇಳಬಲ್ಲವರಾರು? ಧ್ವನಿಯ ಪಾಡೂ ಅಷ್ಟೇ. ಎಡದಲ್ಲಿ 3, ಬಲದಲ್ಲಿ 4 ಇದ್ದು ಎರಡನ್ನೂ ಕೂಡಿ 7 ಎಂದು ಮುದ್ರಿಸಿದರೆ, ಆ ಏಳು ಮೂರು ಮತ್ತು ನಾಲ್ಕರದೋ ಐದು ಮತ್ತು ಎರಡರದೋ ತಿಳಿಯದು. ಇಂದಿನ ಯಾಂತ್ರಿಕ ಬುದ್ಧಿ ಬೆರೆತ ದನಿಗಳನ್ನು ಬಿಡಿಸುವುದುಂಟು. ಆದರೆ ಅದು ಕೊಡುವುದು ಊಹೆಯನ್ನು, ಮೂಲವನ್ನಲ್ಲ.

ಮೊತ್ತದೊಡನೆ ವ್ಯತ್ಯಾಸವನ್ನೂ ಕಾಯ್ದಿಟ್ಟರೆ ಮಾತೇ ಬೇರೆ. ಭದ್ರಾವತಿಯ ಆಕಾಶವಾಣಿ ಕೇಂದ್ರ 1965ರಲ್ಲಿ ಆರಂಭವಾಯಿತು. ಮಲೆನಾಡಿನ ಮನೆಗಳು ದಶಕಗಳ ಕಾಲ ಅದರ ಮಧ್ಯಮ ತರಂಗದ ಪ್ರಸಾರದಲ್ಲಿ ಕೇಳಿದ್ದು ಒಂದೇ ಧಾರೆಯನ್ನು. ಸ್ಟೀರಿಯೋ ಎಫ್.ಎಂ. ಪದ್ಧತಿಯನ್ನು 1961ರಲ್ಲಿ ಅಮೆರಿಕ ಅಂಗೀಕರಿಸಿದಾಗ ಅಲ್ಲಿನ ಎಂಜಿನಿಯರುಗಳ ಮುಂದಿದ್ದ ಸಮಸ್ಯೆ ಇದು: ಹೊಸ ಸೆಟ್ಟಿನವರಿಗೆ ಎರಡು ಧಾರೆ ಕೊಡಬೇಕು, ಹಳೆಯ ಸೆಟ್ಟಿನವರು ಏನನ್ನೂ ಕಳೆದುಕೊಳ್ಳಬಾರದು. ಅವರು ಎಡಬಲಗಳ ಮೊತ್ತವನ್ನು ಮುಖ್ಯ ವಾಹಿನಿಯಲ್ಲಿಯೂ ಎಡದಿಂದ ಬಲವನ್ನು ಕಳೆದ ಶೇಷವನ್ನು ಒಂದು ಉಪವಾಹಿನಿಯಲ್ಲಿಯೂ ಕಳುಹಿಸಿದರು. ನಮ್ಮ ಉದಾಹರಣೆಯಲ್ಲಿ ಮೊತ್ತ 7, ಶೇಷ ಋಣ 1. ಎರಡನ್ನೂ ಕೂಡಿದರೆ 6, ಅಂದರೆ ಎರಡು ಮೂರು. ಕಳೆದರೆ 8, ಅಂದರೆ ಎರಡು ನಾಲ್ಕು. ಹೊಸ ಸೆಟ್ಟು ಈ ಗಣಿತವನ್ನು ತಾನೇ ಮಾಡಿಕೊಂಡು ಎಡಬಲಗಳನ್ನು ಮರಳಿ ಪಡೆಯುತ್ತದೆ. ಹಳೆಯ ಸೆಟ್ಟು ಮೊತ್ತವನ್ನಷ್ಟೇ ನುಡಿಸಿ ಸಂತೃಪ್ತವಾಗುತ್ತದೆ.

ಯಾರೂ ಏನನ್ನೂ ಕಳೆದುಕೊಳ್ಳಬಾರದೆಂಬ ಆ ವಿವೇಕ ಇಂದು ಕೆಲವೊಮ್ಮೆ ಮರೆತುಹೋಗುತ್ತಿದೆ. ನನ್ನ ಬಲಗಿವಿ ಕೆಲವು ವರ್ಷಗಳಿಂದ ಮಂದವಾಗಿದೆ. ಇತ್ತೀಚೆಗೆ ಒಂದು ಕಾವ್ಯವಾಚನದ ಮುದ್ರಣವನ್ನು ಇಯರ್‌ಫೋನಿನಲ್ಲಿ ಕೇಳುತ್ತಿದ್ದೆ. ಪದ್ಯ ಸೊಗಸಾಗಿ ಕೇಳಿಸಿತು, ಆಮೇಲೆ ದೀರ್ಘ ಮೌನ, ಮತ್ತೆ ಪದ್ಯ. ವ್ಯಾಖ್ಯಾನವನ್ನು ಪೂರ್ತಿಯಾಗಿ ಬಲಧಾರೆಗೆ ಹಾಕಿದ್ದರು! ಫೋನಿನಲ್ಲಿ ‘ಮೋನೋ ಆಡಿಯೋ’ ಎಂಬ ಸೌಲಭ್ಯವಿರುವುದನ್ನು ಮೊಮ್ಮಗಳು ತೋರಿಸಿದಳು. ಅದು ಎರಡು ಧಾರೆಗಳನ್ನು ಕೂಡಿ ಎರಡೂ ಕಿವಿಗೆ ಕೊಡುತ್ತದೆ. ಆ ಸೌಲಭ್ಯವನ್ನು ಅರಿಯದ ಮುದುಕರೆಷ್ಟೋ, ಉಕ್ಕಿನ ಕಾರ್ಖಾನೆಯ ಸದ್ದಿನಲ್ಲಿ ದುಡಿದು ಕಿವಿ ಮಂಕಾದವರೆಷ್ಟೋ. ಅವರಿಗೆ ಕಾವ್ಯದ ಅರ್ಧ ಭಾಗ ಇಲ್ಲವೇ ಇಲ್ಲ.

ಆದುದರಿಂದ ಗಮಕವನ್ನು ಮುದ್ರಿಸುವ ತರುಣರಲ್ಲಿ ನನ್ನ ವಿನಂತಿ ಇಷ್ಟು. ಗಮಕಿಗೊಂದು, ವ್ಯಾಖ್ಯಾನಕಾರರಿಗೊಂದು ಮೈಕು ಇಟ್ಟು ಎರಡು ಧಾರೆಗಳಲ್ಲಿ ಮುದ್ರಿಸಿ. ಒಂದೇ ವೇದಿಕೆಯಲ್ಲಿ ಕುಳಿತಾಗ ಒಬ್ಬರ ಮೈಕಿನೊಳಗೆ ಇನ್ನೊಬ್ಬರ ದನಿ ತುಸು ನುಸುಳುವುದು ಸಹಜ. ಆದರೂ ರಾಗದ ಕೊನೆಯೆಳೆಯ ಮೇಲೆ ವ್ಯಾಖ್ಯಾನದ ಮೊದಲ ಮಾತು ಬಂದೆರಗಿದಾಗ ಅವೆರಡನ್ನು ಬಿಡಿಸಿ ಆಲಿಸಲು ಕಲಿಯುವವನಿಗೆ ಸಾಧ್ಯವಾಗುತ್ತದೆ. ಎಡದಲ್ಲಿ ಯಾರು, ಬಲದಲ್ಲಿ ಯಾರು ಎಂಬುದನ್ನು ಕಡತದೊಡನೆ ಬರೆದಿಡಿ. ಆ ಮೂಲವನ್ನು ಹಾಗೆಯೇ ಕಾಪಾಡಿ. ಕೇಳುಗರಿಗೆ ಹಂಚುವ ಪ್ರತಿಯಲ್ಲಿ ಮಾತ್ರ ವಾಚನವನ್ನು ನಡುವಿನಿಂದ ತುಸು ಎಡಕ್ಕೆ, ವ್ಯಾಖ್ಯಾನವನ್ನು ತುಸು ಬಲಕ್ಕೆ ನಿಲ್ಲಿಸಿ. ಇಬ್ಬರು ಎದುರಿಗೆ ಕುಳಿತಂತೆಯೂ ಆಗುತ್ತದೆ, ಒಂದು ಕಿವಿಯವನಿಗೂ ಇಬ್ಬರೂ ಕೇಳಿಸುತ್ತಾರೆ.

ಕೂಡಿಸುವುದು ಯಾವಾಗ ಬೇಕಾದರೂ ಆಗುವ ಕೆಲಸ. ಬಿಡಿಸುವ ಅವಕಾಶವಿರುವುದು ಮುದ್ರಿಸುವ ಆ ಒಂದು ಗಳಿಗೆಯಲ್ಲಿ. ನಮ್ಮ ನಡುವೆ ಇನ್ನೂ ಹಾಡುತ್ತಿರುವ ಕಂಠಗಳಿಗಾದರೂ ಆ ಗಳಿಗೆ ತಪ್ಪದಿರಲಿ.